ನಾಗವ್ವ ನಿಲ್ಲಿಸಿದ ನೀರು

ನಾಗವ್ವನ ವಿಷಯ ಬರೆಯುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಲೆಕ್ಕ ಹಾಕಿದರೆ ಅವಳನ್ನು ನಾನು ಕಂಡದ್ದು ಏಳೆಂಟು ಸಲ, ಅಷ್ಟೇ. ಆದರೆ ಅವಳ ಬದುಕಿನ ಅತಿ ಕೆಟ್ಟ ಮೂರು ನಿಮಿಷಗಳು ಕಳೆದದ್ದು ಕೆನಡಾದ ಸ್ಟೌಫ್‌ವಿಲ್‌ನ ನಮ್ಮ ಮನೆಯಂಗಳದಲ್ಲಿ, ನಾನು ಅಡುಗೆಮನೆಯ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಾಗ. ಆಮೇಲೆ ನಮ್ಮ ಕನ್ನಡದವರು ಆ ಸುದ್ದಿಯನ್ನು ಬಾಯಿಂದ ಬಾಯಿಗೆ ದಾಟಿಸುತ್ತ ಅದಕ್ಕೆ ಎಷ್ಟು ಒಗ್ಗರಣೆ ಹಾಕಿದರೆಂದರೆ, ಯಾರಾದರೊಬ್ಬರು ನಡೆದದ್ದನ್ನು ನಡೆದ ಹಾಗೆ ಹೇಳಲೇಬೇಕು. ಬೇರೆ ಯಾರೂ ಹೇಳುವ ಹಾಗೆ ಕಾಣುವುದಿಲ್ಲ, ಅದಕ್ಕೇ ನಾನು ಕೂತಿದ್ದೇನೆ.

ನಾಗವ್ವ ಹಳೇ ಹುಬ್ಬಳ್ಳಿಯವಳು. ಅವಳ ಓಣಿಗೆ ನೀರು ಬಿಡುತ್ತಿದ್ದದ್ದು ಎಂಟು ದಿನಕ್ಕೊಮ್ಮೆ. ನೀರಿನ ದಿನ ಶಾಲೆಗೆ ಚಕ್ಕರ್. ಹಂಡೆ, ಕೊಡ, ಬಕೀಟು, ಪಾತೇಲಿ ಎಲ್ಲ ತುಂಬಿದ ಮೇಲೂ ನಳದಲ್ಲಿ ನೀರಿದ್ದರೆ ಚಹಾದ ಲೋಟಗಳನ್ನೂ ಸಾಲಾಗಿ ತುಂಬಿಸಿಡಬೇಕಿತ್ತಂತೆ. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಲ್ಲಿ ಬಚ್ಚಲು, ಬಚ್ಚಲಿನದು ಕರಿಬೇವಿನ ಗಿಡಕ್ಕೆ. ಅವಳ ತಾಯಿ ದಾನವ್ವ ಮಕ್ಕಳಿಗೆ ಹೊಡೆದದ್ದು ಒಂದೇ ಕಾರಣಕ್ಕೆ: ನೀರು ಚೆಲ್ಲಿದರೆ. ಬೇರೆ ಯಾವ ತಪ್ಪಿಗೂ ಅಷ್ಟು ಸಿಟ್ಟು ಬರುತ್ತಿರಲಿಲ್ಲವಂತೆ.

ಗಂಡ ದ್ಯಾಮಣ್ಣ ಅದೇ ಓಣಿಯ ಕೊನೆಯ ಮನೆಯವನು, ಪೇಂಟರ್. ಅವನು ಮೊದಲು ದುಬೈಗೆ ಹೋದ, ಅಲ್ಲಿಂದ ಹೇಗೋ ಕೆನಡಾ ಸೇರಿದ. ಹೆಂಡತಿ, ಮಗಳು ಆಮೇಲೆ ಬಂದರು. ವಿಮಾನ ನಿಲ್ದಾಣದ ಮಗ್ಗುಲಿನ ಮಾಲ್ಟನ್ನಿನಲ್ಲಿ ಒಂದು ಬೇಸ್‌ಮೆಂಟಿನಲ್ಲಿ ಸಂಸಾರ. ವಿಮಾನ ಇಳಿಯುವಾಗ ಅಲ್ಲಿ ಮಾತು ನಿಲ್ಲಿಸಿ ಕಾಯಬೇಕು. ನಾಗವ್ವ ವಿಮಾನದ ಊಟ ಕಟ್ಟುವ ಕಾರ್ಖಾನೆಯಲ್ಲಿ ನಿಂತುಕೊಂಡು ಆರು ವರ್ಷ ದುಡಿದಳು. ದ್ಯಾಮಣ್ಣ ಸೂರಿನ ಕೆಲಸದ ತಂಡವೊಂದರಲ್ಲಿ ಮೇಲೆ ಹತ್ತಿ ಇಳಿದು ಮಂಡಿ ಸವೆಸಿಕೊಂಡ. ೨೦೧೫ರಲ್ಲಿ ಹಳೆಯ ಬಿಳಿ ವ್ಯಾನು ಕೊಂಡು ಸೂರು ತೊಳೆಯುವ ಸ್ವಂತ ಕೆಲಸ ಶುರುಮಾಡಿದ. ಬೇಸಿಗೆಯಲ್ಲಿ ನಾಗವ್ವ ಕಾರ್ಖಾನೆ ಬಿಟ್ಟು ಅವನ ಜೊತೆ ಹೊರಟಳು. ಮೇಲೆ ಗಂಡ, ಕೆಳಗೆ ಹೆಂಡತಿ.

ಈ ಕಡೆ ಮನೆಗಳ ಸೂರಿನ ಮೇಲೆ ಕೆಲವು ವರ್ಷಕ್ಕೆ ಕಪ್ಪು ಪಾಚಿ ಇಳಿಯುತ್ತದೆ, ನೋಡಿದರೆ ಮನೆಗೆ ಕಾಡಿಗೆ ಬಳಿದ ಹಾಗೆ. ಅದನ್ನು ಉಜ್ಜುವ ಹಾಗಿಲ್ಲ. ಈಜುಕೊಳಕ್ಕೆ ಹಾಕುವ ಕ್ಲೋರಿನ್ನಿನಂಥದ್ದಕ್ಕೆ ಸೋಪು ಬೆರೆಸಿ, ಪಂಪಿನಲ್ಲಿ ಮೇಲೆ ಏರಿಸಿ ಸಿಂಪಡಿಸುತ್ತಾರೆ. ಪಾಚಿ ಸಾಯುತ್ತದೆ. ಆದರೆ ಅದು ಅಲ್ಲೇ ನಿಲ್ಲುವ ನೀರಲ್ಲ. ಸೂರಿನಿಂದ ಇಳಿದು, ಮಳೆನೀರಿಗೆಂದು ಅಂಚಿನುದ್ದ ಕೂರಿಸಿದ ದೋಣಿಗೆ, ದೋಣಿಯಿಂದ ಗೋಡೆಯ ಕೊಳವೆಗೆ, ಅಲ್ಲಿಂದ ಗಿಡಕ್ಕೆ, ಹುಲ್ಲಿಗೆ, ರಸ್ತೆಗೆ ಬರುತ್ತದೆ. ಅದನ್ನು ತಡೆಯುವುದೇ ನಾಗವ್ವನ ಕೆಲಸ. ಶುರುವಿಗೆ ಮುಂಚೆ ಗಿಡಗಳನ್ನೆಲ್ಲ ಚೆನ್ನಾಗಿ ನೆನೆಸಬೇಕು. ಕೊಳವೆಯ ಬಾಯಿಗೆ ದಪ್ಪ ಚೀಲ ಕಟ್ಟಿ, ತುಂಬಿದಂತೆಲ್ಲ ಡ್ರಮ್ಮಿಗೆ ಬಗ್ಗಿಸಬೇಕು. ಹನಿ ಬಿದ್ದಲ್ಲೆಲ್ಲ ಪೈಪಿನಿಂದ ಒಳ್ಳೆಯ ನೀರು ಬಿಡುತ್ತಲೇ ಇರಬೇಕು. ಮೇಲಿನವನು ಇಳಿಯುವವರೆಗೂ ಪೈಪು ನಿಲ್ಲಕೂಡದು. ಈ ನಿಯಮವನ್ನು ದ್ಯಾಮಣ್ಣನಿಗೆ ಕಲಿಸಿದ್ದು ಒಬ್ಬ ಪೋರ್ಚುಗೀಸ್ ಮೇಸ್ತ್ರಿ. ಗಿಡಕ್ಕಾಗಿ ಮಾತ್ರ ಅಲ್ಲ, ಮನುಷ್ಯನ ಮೇಲೆ ಬಿದ್ದರೆ ಮೊದಲ ಔಷಧಿ ಅದೇ ನೀರು.

ಇದೆಲ್ಲ ನನಗೆ ಗೊತ್ತಾಗಿದ್ದು ನನ್ನ ಗಂಡ ಶ್ರೀಕಂಠರಿಂದ. ಅವರು ಮೈಸೂರಿನ ಸಿವಿಲ್ ಇಂಜಿನಿಯರ್, ಕೇಳದಿದ್ದರೂ ವಿವರಿಸುವ ಜಾತಿ. ರಸ್ತೆಯ ಚರಂಡಿಯ ನೀರು ಎಲ್ಲೂ ಶುದ್ಧವಾಗದೆ ನೇರ ನಮ್ಮ ಬಡಾವಣೆಯ ಹಿಂದಿನ ಕೆರೆಗೆ ಹೋಗುತ್ತದೆ, ಅದಕ್ಕೇ ಚರಂಡಿಯ ಪಕ್ಕ ಹಳದಿ ಮೀನು ಬರೆದಿದ್ದಾರೆ ಎಂದು ನಮ್ಮ ಮನೆಗೆ ಬಂದವರಿಗೆಲ್ಲ ಹೇಳಿದ್ದಾರೆ.

೨೦೧೬ರಲ್ಲಿ ಪಕ್ಕದ ಬೀದಿಯಲ್ಲಿ ಕೆಲಸವಿದ್ದಾಗ, ಕನ್ನಡದವರೆಂದು ತಿಳಿದು ಗಂಡ ಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದಿದ್ದೆ. ಅವತ್ತು ನಾಗವ್ವ ನನ್ನ ಅಡುಗೆಮನೆಯಲ್ಲಿ, ನಾನು ನಲ್ಲಿ ಬಿಟ್ಟುಕೊಂಡು ತಟ್ಟೆ ತೊಳೆಯುವುದನ್ನು ನೋಡಲಾರದೆ, ಕೈ ಚಾಚಿ ತಾನೇ ತಿರುಗಿಸಿ ನಿಲ್ಲಿಸಿದಳು. ಆಮೇಲೆ ನಾಚಿಕೊಂಡಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ನೀರ ಸುಮ್ನ ಹೊಂಟಿದ್ದು ಕಂಡ್ರ ನನ್ನ ಹೊಟ್ಟಿ ಉರೀತೈತಿ. ದಿನಾ ಇದಽ ಕೆಲಸಾ. ತಾಸಗಟ್ಟಲೆ ಹುಲ್ಲಿಗೆ ನೀರ ಸುರೀತೇನಿ. ಅಲ್ಲಿ ನಮ್ಮವ್ವ ಕೊಡಾ ಹಿಡಕೊಂಡು ನಿಂತಿರತಾಳ."

"ಇಲ್ಲಿ ನೀರಿಗೇನು ಬರ ಬಿಡಿ, ಪಕ್ಕದಲ್ಲೇ ಸಮುದ್ರದಂಥಾ ಸರೋವರ ಇದೆಯಲ್ಲಾ" ಎಂದೆ. ನಾನು ಹೇಳಿದ್ದು ತಪ್ಪಲ್ಲ. ಅವಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಅವಳು ಒಂದು ಉಪಾಯ ಮಾಡಿಕೊಂಡಿದ್ದಳು. ದ್ಯಾಮಣ್ಣ ಸೂರಿನ ಆ ಮಗ್ಗುಲಿಗೆ ಹೋದಾಗ, ಈ ಕಡೆ ಹನಿ ಬೀಳುವುದು ಕಡಿಮೆಯಾದಾಗ, ಹಿತ್ತಿಲಿಗೆ ಹೋಗಿ ಗೋಡೆಯ ನಲ್ಲಿಯನ್ನೇ ನಿಲ್ಲಿಸಿ ಬರುವುದು. ಪೈಪಿನ ತುದಿಯ ಹಿಡಿಕೆ ಬಿಟ್ಟರೆ ಸಾಲದು, ಅದು ಸೋರುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ತಿರುಗಿಸುವಳು. ಎರಡು ಬೇಸಿಗೆ ಹೀಗೇ ನಡೆಯಿತು. ಒಂದೆರಡು ಮನೆಯಲ್ಲಿ ಹುಲ್ಲಿನ ಅಂಚು ಹಳದಿಯಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಏನಾದರೂ ಚಿಕ್ಕದು ಆಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

೨೦೧೭ರ ಸೆಪ್ಟೆಂಬರಿನ ಒಂದು ಶನಿವಾರ ನಮ್ಮ ಮನೆಯ ಸೂರು. ಶ್ರೀಕಂಠ ತರಕಾರಿಗೆ ಹೋಗಿದ್ದರು. ಹನ್ನೊಂದು ಗಂಟೆಗೆ ನಾಗವ್ವನಿಗೆ ಊರಿಂದ ಫೋನು ಬಂತು. ನಾನು ಚಹಾ ಕೊಡಲು ಹೋದಾಗ ಮಾತು ಮುಗಿದಿತ್ತು, ಮುಖ ಬಾಡಿತ್ತು.

"ಏನಾಯ್ತು ನಾಗವ್ವ?"

"ಹನ್ನೊಂದ ದಿನಾ ಆತಂತ್ರಿ, ನೀರ ಬಿಟ್ಟಿಲ್ಲಂತ. ನಮ್ಮವ್ವ ಟ್ಯಾಂಕರ್ ಹಿಂದ ಓಡಾಕ ಹೋಗಿ ಬಿದ್ದಾಳ. ಮೊಳಕಾಲ ಕೆತ್ತೇತಿ ಅಷ್ಟಽ, ಚಿಂತಿಲ್ಲ ಅಂತಾಳ."

ಚಹಾ ಕುಡಿದಳು. ನಾನು ಒಳಗೆ ಬಂದು ಕಿಟಕಿಯಲ್ಲಿ ನಿಂತೆ. ಪೈಪು ಹುಲ್ಲಿನ ಮೇಲೆ ಬಿದ್ದಿತ್ತು, ನೀರು ಅಂಗಳದಿಂದ ರಸ್ತೆಗೆ ಹರಿಯುತ್ತಿತ್ತು. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಎದ್ದು, ಪಕ್ಕದ ಗೇಟು ತೆಗೆದು ಹಿತ್ತಿಲಿಗೆ ಹೋದಳು. ಪೈಪು ಸಪ್ಪಗಾಯಿತು. ವಾಪಸು ಬಂದು, ಪೈಪಿನಲ್ಲಿ ಉಳಿದ ನೀರನ್ನು ಗುಲಾಬಿ ಗಿಡಕ್ಕೆ ಹಿಂಡಿದಳು. ನಾನು ನೋಡಿದೆ. ಪರವಾಗಿಲ್ಲ, ಬುದ್ಧಿವಂತೆ ಎಂದುಕೊಂಡೆ. ಸುಳ್ಳೇಕೆ ಹೇಳಲಿ, ನನಗೆ ಅವತ್ತು ಅವಳ ಮೇಲೆ ಗೌರವವೇ ಬಂತು.

ಆಮೇಲೆ ಚೀಲದ ಹತ್ತಿರ ಬಗ್ಗಿ ನೋಡಿದಳು. ಮೇಲೆ ಸಿಂಪಡಣೆ ನಡೆಯುತ್ತಲೇ ಇದೆ, ಕೆಳಗೆ ಚೀಲ ಖಾಲಿ. ಮೇಪಲ್ ಮರದ ಎಲೆ, ಬೀಜ ಸೇರಿ ಕೊಳವೆ ಮೇಲೆಲ್ಲೋ ಕಟ್ಟಿಕೊಂಡಿತ್ತು. ಮದ್ದಿನ ನೀರೆಲ್ಲ ದೋಣಿಯಲ್ಲೇ ತುಂಬಿ ನಿಂತಿತ್ತು.

"ರೀ, ಇಲ್ಲಿ ಏನೂ ಬರವಲ್ದು! ಇಳದ ಬಂದು ನೋಡ್ರಿ ಒಂಚೂರು!"

ದ್ಯಾಮಣ್ಣ ಪಂಪು ನಿಲ್ಲಿಸಿ ಏಣಿ ಇಳಿದ. ಕಣ್ಣಿಗೆ ಮದ್ದು ತಾಕದಂತೆ ಹಾಕಿದ್ದ ಕನ್ನಡಕ ಬೆವರಿಗೆ ಮಬ್ಬಾಗಿತ್ತು. ಹಣೆಯ ಮೇಲಕ್ಕೆ ಸರಿಸಿಕೊಂಡ. ಕೊಳವೆಯ ಬಾಗಿನ ಕೆಳಗೆ ನಿಂತು, ತಲೆಯೆತ್ತಿ ನೋಡುತ್ತ, ಕೈಯಲ್ಲಿದ್ದ ಸ್ಪ್ಯಾನರಿನಿಂದ ಎರಡು ಸಲ ತಟ್ಟಿದ. ಮೂರನೆಯ ಏಟಿಗೆ ಕೀಲು ಬಿಟ್ಟಿತು. ದೋಣಿಯಲ್ಲಿ ನಿಂತದ್ದಷ್ಟೂ ಅವನ ಮುಖದ ಮೇಲೆ ಸುರಿಯಿತು.

"ನೀರ! ನೀರ ಹಾಕ ನಾಗಾ! ನೀರ!"

ಅವಳು ಪೈಪಿನ ಹಿಡಿಕೆ ಒತ್ತಿದಳು. ಒಂದು ಲೋಟದಷ್ಟು ನೀರು ಚಿಮ್ಮಿ ನಿಂತಿತು. ಮತ್ತೆ ಒತ್ತಿದಳು, ಗಾಳಿ ಬಂತು. ಪೈಪು ಎಸೆದು ಹಿತ್ತಿಲಿಗೆ ಓಡಿದಳು. ಗೇಟಿನ ಚಿಲಕ ಗಡಿಬಿಡಿಯಲ್ಲಿ ಬಿಡಲಿಲ್ಲ. ಅವನು ಅಂಗಳದಲ್ಲಿ ಮಂಡಿಯೂರಿ ಎರಡೂ ಕೈಯಿಂದ ಕಣ್ಣುಜ್ಜುತ್ತ ಕೂಗುತ್ತಿದ್ದ. ಕೊಳವೆಯ ಬಾಯಿಗೆ ಕಟ್ಟಿದ್ದ ಚೀಲ ಹರಿದು, ಮದ್ದಿನ ನೀರು ಅವನ ಮಂಡಿಯ ಸುತ್ತ ಹರಿದು ರಸ್ತೆಯ ಚರಂಡಿಗೆ ಹೋಗುತ್ತಿತ್ತು. ನಾನು ಏನು ಮಾಡುತ್ತಿದ್ದೆ? ಫೋನು ಹುಡುಕುತ್ತಿದ್ದೆ. ನನ್ನ ಅಡುಗೆಮನೆಯ ನಲ್ಲಿ ಅವನಿಂದ ಹದಿನೈದು ಹೆಜ್ಜೆ ದೂರದಲ್ಲಿತ್ತು. ಕೈ ಹಿಡಿದು ಒಳಗೆ ಎಳೆದು ತಂದು ತಲೆ ಒಡ್ಡಿಸಿದ್ದರೆ ಸಾಕಾಗಿತ್ತು. ಅದು ನನಗೆ ಹೊಳೆದದ್ದು ಆಂಬ್ಯುಲೆನ್ಸ್ ಹೋದ ಮೇಲೆ.

ನಾಗವ್ವ ನಲ್ಲಿ ಬಿಟ್ಟು ಓಡಿಬಂದು ಪೈಪು ಹಿಡಿಯುವ ಹೊತ್ತಿಗೆ ಮೂರು ನಿಮಿಷ ಕಳೆದಿತ್ತು. ಆಮೇಲೆ ಅವಳು ಸುರಿದಳು, ಅಗ್ನಿಶಾಮಕದವರು ಬಂದು ಅವಳ ಕೈಯಿಂದ ಪೈಪು ಬಿಡಿಸುವವರೆಗೂ ಸುರಿದಳು.

ಸೋಮವಾರ ನಾನು ಕೆರೆಯ ಕಡೆ ನಡೆದುಕೊಂಡು ಹೋದೆ. ಚರಂಡಿಯ ನೀರು ಬೀಳುವ ಬಾಯಲ್ಲಿ ಬೆರಳುದ್ದದ ಮೀನುಗಳು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಟೌನಿನವರಿಗೆ ತಿಳಿಸಬೇಕಿತ್ತು. ದ್ಯಾಮಣ್ಣನ ತಲೆಗೆ ಅದೂ ಸುತ್ತಿಕೊಳ್ಳುತ್ತದೆಂದು ತಿಳಿಸಲಿಲ್ಲ. ಶ್ರೀಕಂಠರಿಗೂ ಹೇಳಲಿಲ್ಲ.

ಆ ಶನಿವಾರ ಆಸ್ಪತ್ರೆಯಲ್ಲಿ ಮಾತಿಗೆ ಅವರ ಮಗಳು ತೃಪ್ತಿ ಇದ್ದಳು. ಕಾಲೇಜು ಓದುವ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಡಾಕ್ಟರು ಕೇಳಿದ್ದು ಒಂದೇ: ಕಣ್ಣಿಗೆ ಮದ್ದು ಬಿದ್ದ ಮೇಲೆ ಎಷ್ಟು ಹೊತ್ತಿಗೆ ನೀರು ಹಾಕಿದಿರಿ?

"ಲಗೂನಽ ಹಾಕಿದೆ ಅಂತ ಹೇಳವಾ" ಎಂದಳು ನಾಗವ್ವ.

"ಇಮೀಡಿಯಟ್ಲಿ, ಶೀ ಸೇಸ್" ಎಂದಳು ತೃಪ್ತಿ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಬಲಗಣ್ಣು ಹೋಯಿತು. ಎಡಗಣ್ಣಿಗೆ ಬೆಳಕು, ನೆರಳು, ಆಳಿನ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಏಣಿಯ ಕೆಲಸ ಅಲ್ಲಿಗೆ ಮುಗಿಯಿತು. ನಾಗವ್ವ ಮತ್ತೆ ಕಾರ್ಖಾನೆಗೆ ಸೇರಿದಳು.

ನಾನು ಮೊದಲ ಸಲ ಮಾಲ್ಟನ್ನಿಗೆ ನೋಡಲು ಹೋದಾಗ ದ್ಯಾಮಣ್ಣ ಕೂತಲ್ಲಿಂದಲೇ ನಕ್ಕ. "ಬರ್ರಿ ಅಕ್ಕಾರ. ತಪ್ಪ ತಿಳೀಬ್ಯಾಡ್ರಿ, ನಿಮ್ಮ ಮನೀ ನಳ ಅವತ್ತ ಕೈಕೊಟ್ಟತು. ಇಲ್ಲಂದ್ರ ಇಕಿ ಒಂದ ಕ್ಷಣ ತಡಾ ಮಾಡಾಕಿ ಅಲ್ಲ." ನಾಗವ್ವ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಹೊರಡುವಾಗ ಮೆಟ್ಟಿಲ ತನಕ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಾರ, ನೀವ ಕಿಡಕ್ಯಾಗಿಂದ ನೋಡೀರಿ, ನನಗ ಗೊತ್ತೈತಿ. ಇವರ ಮುಂದ ಹೇಳಬ್ಯಾಡ್ರಿ. ನಾನಽ ಬಂದ್ ಮಾಡಿದ್ದೆ ಅಂತ ಗೊತ್ತಾದ್ರ, ಇವರ ಮುಂದ ನಾ ಹ್ಯಾಂಗ ಕುಂದರಲಿ? ಹ್ಯಾಂಗ ತುತ್ತ ಕಲಿಸಿ ಕೊಡಲಿ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡಬಾರದಿತ್ತು. ಆದರೆ ಅವಳ ಮುಖ ನೋಡಿ ಕೊಡದಿರಲು ನನಗೆ ಆಗಲಿಲ್ಲ.

ನಲ್ಲಿ ಕೆಟ್ಟಿತ್ತೆಂಬ ಮಾತು ನಮ್ಮ ಜನರಲ್ಲಿ ಹಬ್ಬಿತು. ನವೆಂಬರಿನಲ್ಲಿ ರಾಜ್ಯೋತ್ಸವದ ಊಟದ ಸಾಲಿನಲ್ಲಿ, ವಿಟ್ಬಿ ಊರಿನ ಜಯಪ್ರಕಾಶ ತಟ್ಟೆ ಹಿಡಿದುಕೊಂಡೇ ಶ್ರೀಕಂಠರನ್ನು ಕೇಳಿದ: "ಏನ್ ಸರ್, ಅಷ್ಟು ದೊಡ್ಡ ಮನೆ, ಒಂದು ನಲ್ಲಿ ಸರಿಯಾಗಿ ಇಟ್ಕೊಳ್ಳಕ್ಕಾಗಲ್ವಾ? ಪಾಪ, ಒಬ್ಬರ ಕಣ್ಣೇ ಹೋಯ್ತಲ್ಲಾ." ಇಂಜಿನಿಯರಿಗೆ ಇದಕ್ಕಿಂತ ಅವಮಾನ ಬೇಕೇ? ಶ್ರೀಕಂಠ ಚಿರೋಟಿ ಅಲ್ಲೇ ಬಿಟ್ಟು ಹೊರಟರು. ಮನೆಗೆ ಬಂದವರೇ ಪ್ಲಂಬರನ್ನು ಕರೆಸಿ, ನಲ್ಲಿ ಬಿಚ್ಚಿಸಿ, ಏನೂ ದೋಷವಿಲ್ಲವೆಂದು ಕಾಗದ ಬರೆಸಿಕೊಂಡರು. "ಅರುಂಧತಿ, ನೀನು ಮನೇಲಿದ್ದೆ ತಾನೇ? ನಲ್ಲಿ ಬರ್ತಿತ್ತೋ ಇಲ್ವೋ ಹೇಳು" ಎಂದು ಚಳಿಗಾಲವೆಲ್ಲ ಪೀಡಿಸಿದರು. "ಸರಿಯಾಗಿ ನೋಡ್ಲಿಲ್ಲ ರೀ" ಎಂದೆ, ಪ್ರತಿ ಸಲವೂ.

ಅಷ್ಟರಲ್ಲಿ ಎರಡು ಮೂರು ಸಲ ಮಾಲ್ಟನ್ನಿಗೆ ಹೋದೆ. ನಾಗವ್ವ ಇಳಿದುಹೋಗಿದ್ದಳು. ಕಾರ್ಖಾನೆಯಿಂದ ಬಂದವಳು ಜಾಕೆಟ್ಟು ತೆಗೆಯುವ ಮೊದಲೇ ಅವನ ಕಣ್ಣಿಗೆ ಹನಿ ಬಿಡುತ್ತಿದ್ದಳು. ದಿನಕ್ಕೆ ಆರು ಸಲ, ಒಂದೂ ತಪ್ಪುವಂತಿಲ್ಲ. ರೊಟ್ಟಿ ಮುರಿದು, ಪಲ್ಯ ಹಚ್ಚಿ ಕೈಗೆ ಕೊಡುತ್ತಿದ್ದಳು. ಮಾತು ಮಾತ್ರ ಇರಲಿಲ್ಲ. ಅವನು ಏನಾದರೂ ತಮಾಷೆ ಮಾಡಿದರೆ ಹೂಂ ಎನ್ನುವಳು. ಮುಖ ಕಾಣದ ಗಂಡನ ಎದುರಿಗೂ ಅವಳು ತಲೆ ತಗ್ಗಿಸಿಯೇ ಕೂರುತ್ತಿದ್ದಳು.

ಮಾರ್ಚಿನ ಒಂದು ಭಾನುವಾರ ಮಧ್ಯಾಹ್ನ ಶ್ರೀಕಂಠ ಪ್ಲಂಬರಿನ ಕಾಗದ ಜೇಬಿಗಿಟ್ಟುಕೊಂಡು ಕಾರಿನ ಕೀಲಿ ತೆಗೆದರು. ಜಗಳಕ್ಕಲ್ಲ, ತಿಳಿಸಿ ಬರಲಿಕ್ಕೆ ಎಂದರು. ಬೇಡವೆಂದೆ, ಕೇಳಲಿಲ್ಲ. ಒಬ್ಬರನ್ನೇ ಕಳಿಸುವ ಧೈರ್ಯವಾಗದೆ ನಾನೂ ಹತ್ತಿದೆ. ಫೋನು ಮಾಡಿ ನಾಗವ್ವನಿಗೆ ಮುಂಚೆಯೇ ಹೇಳಬಹುದಿತ್ತು. ಕಾರಿನಲ್ಲಿ ಅವರ ಪಕ್ಕ ಕೂತು ಹೇಗೆ ಮಾಡಲಿ?

ಬೇಸ್‌ಮೆಂಟಿನಲ್ಲಿ ಇಬ್ಬರೇ ಇದ್ದರು. ದ್ಯಾಮಣ್ಣ ಕುರ್ಚಿಯಲ್ಲಿ, ನಾಗವ್ವ ನೆಲದ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತ. ಕುಶಲ ಕೇಳಿದ್ದಾಯಿತು. ಶ್ರೀಕಂಠ ಗಂಟಲು ಸರಿಮಾಡಿಕೊಂಡು ಕಾಗದ ತೆಗೆದರು.

"ದ್ಯಾಮಣ್ಣ, ಬೇಜಾರು ಮಾಡ್ಕೋಬೇಡಿ. ಆಗಿದ್ದಕ್ಕೆ ನಮಗೂ ತುಂಬಾ ದುಃಖ ಇದೆ. ಆದರೆ ಎಲ್ರೂ ನಮ್ಮ ನಲ್ಲಿ ಅಂತಾರೆ. ನಾನು ಚೆಕ್ ಮಾಡಿಸಿದೀನಿ, ಅದರಲ್ಲಿ—"

"ಸರ್, ಅದನ್ನ ಒಳಗ ಇಟಗೋರಿ" ಎಂದಳು ನಾಗವ್ವ. ಸೊಪ್ಪು ಕೆಳಗಿಟ್ಟಳು. "ನಿಮ್ಮ ನಳಕ್ಕ ಏನೂ ಆಗಿದ್ದಿಲ್ಲ." ಗಂಡನ ಕಡೆ ತಿರುಗಿದಳು. "ರೀ, ನಳಾ ನಾನಽ ಬಂದ್ ಮಾಡಿದ್ದೆ. ನೀರ ಸುಮ್ನ ಹೊಂಟಿತ್ತು, ನೋಡಲಾರದ ಬಂದ್ ಮಾಡಿದ್ದೆ. ನಿಮ್ಮ ಕಣ್ಣು ನಾನಽ ಕಳದೆ."

ಮೇಲೆ ವಿಮಾನವೊಂದು ಇಳಿಯಿತು. ಅದರ ಸದ್ದು ದಾಟಿ ಹೋಯಿತು.

"ಗೊತ್ತೈತಿ" ಎಂದ ದ್ಯಾಮಣ್ಣ.

ನಾಗವ್ವ ಹಾಗೇ ನೋಡಿದಳು.

"ಮ್ಯಾಲಿಂದ ಎಲ್ಲಾ ಕಾಣತೈತಲ್ಲ. ನೀ ಹಿಂದಕ್ಕ ಹೋಗಿದ್ದು ನೋಡಿದೆ, ಪೈಪ್ ಸಪ್ಪಗಾಗಿದ್ದೂ ನೋಡಿದೆ. ಅವತ್ತೊಂದಽ ದಿನ ಅಲ್ಲ, ಎರಡ ವರ್ಷ ನೋಡೇನಿ. ಹೋಗ್ಲಿ ಬಿಡು, ನೀರ ಉಳೀತು ಅಂತ ನಾನೂ ಸುಮ್ನಾಗಿದ್ದೆ. ನಾನೇನ ಬ್ಯಾರೆ ಓಣ್ಯಾಗ ಹುಟ್ಟೇನೇನು? ಇಳದ ಬರೂವಾಗ ಒಂದ ಮಾತ ‘ನೀರ ಬಿಡ’ ಅಂದಿದ್ರ ಮುಗದಿತ್ತು. ಅನ್ನಲಿಲ್ಲ."

"ಮತ್ತ ನಳಾ ಕೆಟ್ಟಿತ್ತು ಅಂತ ಯಾಕ ಹೇಳಿದ್ರಿ ಎಲ್ಲಾರ ಮುಂದ?"

"ಮಂದಿ ಬಾಯಾಗ ನಿನ್ನ ಹೆಸರ ಬರಬಾರದು ಅಂತ. ನನ್ನ ಮುಂದರ ನೀನಽ ಹೇಳ್ತಿ ಅಂತ ಕಾದೆ. ಹನಿ ಹಾಕಾಕ ಬಂದಾಗೊಮ್ಮೆ ಕಾದೆ, ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ." ಅವನು ಮುಖವನ್ನು ಅವಳ ದನಿಯ ಕಡೆ ತಿರುಗಿಸಿದ. "ಕಣ್ಣ ಹೋಗೂ ಮುಂದ ಇಬ್ಬರೂ ಕೂಡೇ ಇದ್ವಿ ನಾಗಾ. ಆಮ್ಯಾಲ ಈ ಆರ ತಿಂಗಳಾ ನನ್ನ ಒಬ್ಬನ್ನಽ ಬಿಟ್ಟಿ."

ಇಷ್ಟು ತಿಂಗಳಲ್ಲಿ ಅವಳಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಆಗಲೇ.

"ನೀವೂ ನನ್ನ ಬಿಟ್ರಿ" ಎಂದಳು. "ಗೊತ್ತಿದ್ದೂ ಬಿಟ್ರಿ."

ಶ್ರೀಕಂಠ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲೇ ಹಿಡಿದು, ನೆಲ ನೋಡುತ್ತ ಕೂತಿದ್ದರು. ನಾನೂ ನೋಡಿದ್ದೆ, ನಾನೂ ಹೇಳಲಿಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಅಲ್ಲಿ ಅದು ಯಾರಿಗೂ ಬೇಕಿರಲಿಲ್ಲ.

ನಾಗವ್ವ ಗಡಿಯಾರ ನೋಡಿ ಎದ್ದಳು. ಕೈ ತೊಳೆದು, ಸೀಸೆ ತಂದು, ಅವನ ಎದುರು ನಿಂತಳು. "ಮಾರಿ ಎತ್ತರಿ" ಎಂದಳು. ಅವನು ಎತ್ತಿದ. ಮೊದಲ ಹನಿ ಕೆನ್ನೆಯ ಮೇಲೆ ಬಿತ್ತು. ಅವಳು ಸೆರಗಿನಿಂದ ಅದನ್ನು ಒರೆಸಿ, ಎಡಗಣ್ಣಿನ ರೆಪ್ಪೆ ಎರಡು ಬೆರಳಲ್ಲಿ ಬಿಡಿಸಿ ಹಿಡಿದು, ಮತ್ತೊಂದು ಹನಿ ಬಿಟ್ಟಳು.